ಇಸ್ಮಾಯಿಲ್‌ಸಾಬ್ ಮಾಸ್ತರರ ಹದಿಮೂರು ಸಂಸ್ಥಾನ

ಅಮರಗುಂಡಪ್ಪನವರು ಲಿಂಗಸುಗೂರಿನ ಮಿಡಲ್ ಸ್ಕೂಲಿಗೆ ಹೆಡ್‌ಮಾಸ್ತರರಾಗಿ ಬಂದಿಳಿದ ದಿನ ಮಾಡಿದ ಮೊದಲ ಕೆಲಸವೆಂದರೆ, ತಮ್ಮ ಕೈಕೆಳಗಿನ ಮಾಸ್ತರರೊಬ್ಬರಿಗೆ ಸೊಂಟ ಬಾಗಿಸಿ ಸಲಾಂ ಹೊಡೆದದ್ದು.

ಬೇಕೆಂದು ಹೊಡೆದದ್ದಲ್ಲ. ಮಸ್ಕಿಯಿಂದ ಬಂದ ಬಸ್ಸಿಳಿದು, ಟ್ರಂಕನ್ನು ಹಮಾಲನ ತಲೆಗೆ ಹೊರಿಸಿ ಬಜಾರದೊಳಗೆ ಬರುತ್ತಿದ್ದರು. ಶಿವಶರಣಪ್ಪನ ಕಿರಾಣಿ ಅಂಗಡಿಯೆದುರು ಎತ್ತರದ ಆಳೊಂದು ನಿಂತಿತ್ತು. ಕಪ್ಪು ಶೇರವಾನಿ, ಕೆಂಪು ರೂಮಿ ಟೋಪಿ, ಹಿಂದಕ್ಕೆ ಕಟ್ಟಿಕೊಂಡ ಕೈ. ಅಂಗಡಿಯ ಬೋರ್ಡನ್ನು ದುರುಗುಟ್ಟಿ ನೋಡುತ್ತ ತುಟಿ ಅಲ್ಲಾಡಿಸುತ್ತಿತ್ತು. ಅಲ್ಲಿ ಮುಗಿದ ಮೇಲೆ ಪಕ್ಕದ ಅರಿವೆ ಅಂಗಡಿ, ಅದರಾಚೆ ಬಳೆ ಅಂಗಡಿ. ಅಂಗಡಿಕಾರರು ಯಾರೂ ಏನೂ ಕೇಳುತ್ತಿರಲಿಲ್ಲ. ಅಮರಗುಂಡಪ್ಪನವರು ಲೋಕಾನುಭವಿ. ಇಂಥ ನಿಲುವು, ಇಂಥ ಮೌನ, ಇಂಥ ಟೋಪಿ ಒಂದೆಡೆ ಕೂಡಿದರೆ ಅದು ತೆರಿಗೆಯ ದೊಡ್ಡ ಸಾಹೇಬನೇ ಸೈ ಎಂದು ಲೆಕ್ಕ ಹಾಕಿದರು. ದೊಡ್ಡವರ ಕಣ್ಣಿಗೆ ಮೊದಲ ದಿನವೇ ಬೀಳುವುದು ಒಳ್ಳೆಯದೆಂದು ಎದುರಿಗೆ ಹೋಗಿ ನಿಂತು, ನೆಲಕ್ಕೆ ಕೈ ತಾಗುವ ಹಾಗೆ ಸಲಾಂ ಮಾಡಿದರು.

ಆ ಆಳು ಅವರನ್ನು ಮೇಲಿಂದ ಕೆಳಗೆ ನೋಡಿ, "ಸರಿ ಸರಿ. ಸ್ವಲ್ಪ ಆ ಕಡೆ ಸರದು ನಿಂದರ್ರಿ, ಅಕ್ಷರ ಕಾಣವಲ್ವು" ಅಂದಿತು.

ಮಾರನೆಯ ಬೆಳಿಗ್ಗೆ ಅದೇ ಟೋಪಿ ಶಾಲೆಗೆ ಬಂದು ಹಾಜರಿ ಪುಸ್ತಕದಲ್ಲಿ ಸಹಿ ಹಾಕಿತು. ಇತಿಹಾಸದ ಮಾಸ್ತರ್ ಇಸ್ಮಾಯಿಲ್‌ಸಾಬ್. ಆ ಸಲಾಮನ್ನು ಅವರು ಆಮೇಲೆ ಯಾವತ್ತೂ ಎತ್ತಿ ಆಡಲಿಲ್ಲ. ಎತ್ತಿ ಆಡಿದ್ದರೆ ಅಮರಗುಂಡಪ್ಪನವರು ಜಗಳವಾಡಿ ಹಗುರಾಗುತ್ತಿದ್ದರು. ಆಡದೆ ಇದ್ದದ್ದರಿಂದ ಅದು ಹೊಟ್ಟೆಯೊಳಗೇ ಉಳಿಯಿತು.

ಇಸ್ಮಾಯಿಲ್‌ಸಾಬ್ ಬಜಾರದಲ್ಲಿ ಮಾಡುತ್ತಿದ್ದದ್ದು ಓದು. ಮಸ್ಕಿಯಲ್ಲಿ ಹತ್ತಿ ಹಿಂಜುವವರ ಮನೆಯಲ್ಲಿ ಹುಟ್ಟಿದವರು, ಮಾತಿನಲ್ಲಿ ಅಪ್ಪಟ ಮಸ್ಕಿ ಕನ್ನಡ. ಬೈಯುವಾಗಲಂತೂ ಅದರ ಮುಂದೆ ಬೇರೆ ಭಾಷೆ ನಿಲ್ಲುತ್ತಿರಲಿಲ್ಲ. ಆದರೆ ಓದಿದ್ದು, ಬರೆದದ್ದು, ಸಿಂಧನೂರಿನಲ್ಲಿ, ಇಲ್ಲಿ, ಇಪ್ಪತ್ತು ವರ್ಷ ಪಾಠ ಹೇಳಿದ್ದು ಎಲ್ಲ ಉರ್ದುವಿನಲ್ಲಿ. ನಿಜಾಮರ ಕಾಲದಲ್ಲಿ ಮಾಸ್ತರಿಕೆ ಅಂದರೆ ಅದೇ. ನಲವತ್ತೆಂಟರಲ್ಲಿ ಮಿಲಿಟರಿ ಬಂತು, ಐವತ್ತರಲ್ಲಿ ಸಂವಿಧಾನ ಬಂತು, ಆಮೇಲೆ ಓಟು ಬಂತು, ಶಾಲೆಗೆ ಕನ್ನಡ ಬಂತು. ಬಜಾರದ ಬೋರ್ಡುಗಳ ಮೇಲಿನ ಉರ್ದು ಅಳಿಸಿ ಕನ್ನಡ ಬರೆಸಿದ್ದರು. ಮಾಸ್ತರರು ಸಾಯಂಕಾಲ ಆ ಬೋರ್ಡುಗಳನ್ನೇ ಬಾಲಬೋಧೆ ಮಾಡಿಕೊಂಡು, ಒತ್ತಕ್ಷರ ಒಂದೊಂದನ್ನೇ ಗುದ್ದಾಡಿ ಗೆಲ್ಲುತ್ತಿದ್ದರು.

ಗೆಲ್ಲಲೇಬೇಕಾಗಿತ್ತು. ಮೇಲಿನಿಂದ ಹುಕುಂ ಬಂದಿತ್ತು: ಉರ್ದುವಿನಲ್ಲಿ ಕಲಿಸುತ್ತಿದ್ದ ಮಾಸ್ತರರು ಬೇಸಿಗೆ ರಜೆ ಬರುವುದರೊಳಗೆ ಇನ್ಸ್‌ಪೆಕ್ಟರ್ ಸಾಹೇಬರೆದುರು ಕನ್ನಡದಲ್ಲಿ ಒಂದು ಪಾಠ ಮಾಡಿ ತೋರಿಸಬೇಕು. ತೋರಿಸಿದವರು ಉಳಿಯುತ್ತಾರೆ, ಉಳಿದವರು ಮನೆಗೆ. ಇಸ್ಮಾಯಿಲ್‌ಸಾಬರಿಗೆ ಐವತ್ತರ ಹತ್ತಿರ ವಯಸ್ಸು. ಪಿಂಚಣಿ ಇನ್ನೂ ದೂರ. ಈ ವಯಸ್ಸಿನಲ್ಲಿ ಹತ್ತಿ ಹಿಂಜುವ ಬಿಲ್ಲು ಹಿಡಿಯಲು ತೋಳಿಲ್ಲ.

ಅವರ ಹೆಂಡತಿ ಹಾಜಿರಾಬೀ ನಾಲ್ಕಾರು ಆಡು ಸಾಕಿದ್ದಳು. ಅವಳು ಇದನ್ನೆಲ್ಲ ಕೇಳಿ, "ಮಾಸ್ತರಿಕಿ ಹೋದ್ರ ಆಡು ಕಾಯಾಕ ಬರ್ರಿ. ಅವಕ್ಕ ಯಾ ಭಾಷಾದಾಗ ಬೈದ್ರೂ ನಡೀತೈತಿ" ಅಂದಳು. ಅಂದವಳು ಹಿತ್ತಲಿಗೆ ಹೋಗಿ ಬಹಳ ಹೊತ್ತು ಒಳಗೆ ಬರಲಿಲ್ಲ.

ಅಮರಗುಂಡಪ್ಪನವರೂ ಉರ್ದುವಿನಲ್ಲೇ ಓದಿದವರು. ಆದರೆ ಚಿಕ್ಕಂದಿನಲ್ಲಿ ಮಠದ ಅಯ್ಯನವರು ಕಿವಿ ಹಿಂಡಿ ಕನ್ನಡ ಕಲಿಸಿದ್ದರಿಂದ, ಕನ್ನಡದ ಭಾರವೆಲ್ಲ ತಮ್ಮ ಹೆಗಲ ಮೇಲೆಯೇ ನಿಂತಿದೆ ಎಂಬ ಭಾವನೆಯಲ್ಲಿ ನಡೆಯುತ್ತಿದ್ದರು. ಬಂದ ವಾರದಲ್ಲೇ 'ಸದರ್ ಮುದರಿಸ್' ಎಂಬ ಹಲಗೆ ತೆಗೆಸಿ, 'ಮುಖ್ಯೋಪಾಧ್ಯಾಯರು' ಎಂದು ಬರೆಸಿದರು. ಅಕ್ಷರ ದೊಡ್ಡದಾಗಿ ಬರಲೆಂದು ಹೇಳಿದ್ದರಿಂದ ಕೊನೆಯ 'ರು' ಹಲಗೆಯಲ್ಲಿ ಹಿಡಿಸದೆ ಗೋಡೆಯ ಮೇಲೆ ಹೋಯಿತು.

ಐವತ್ಮೂರರ ಹೋಳಿ ಹುಣ್ಣಿಮೆಯ ಹೊತ್ತಿಗೆ ಇನ್ಸ್‌ಪೆಕ್ಟರ್ ಕರಿಬಸಯ್ಯನವರ ಕಾಗದ ಬಂತು. ಪಾಠ ಯಾವುದೆಂದು ಅವರೇ ಗೊತ್ತು ಮಾಡಿದ್ದರು. ಏಳನೇ ತರಗತಿ, ಅಮೆರಿಕ ದೇಶದವರು ತಮ್ಮ ಪ್ರಥಮ ಸಂವಿಧಾನವನ್ನು ಬದಲಿಸಲು ಕಾರಣಗಳು.

ಅಮರಗುಂಡಪ್ಪನವರು ಎರಡು ಸಲ ಓದಿದರು. ಅಮೆರಿಕದವರಿಗೆ ಸಂವಿಧಾನವೊಂದಿದೆ ಎಂಬುದು ಅವರಿಗೆ ಗೊತ್ತಿತ್ತು. ಅದು ಎರಡನೆಯದು ಎಂಬುದು ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಕೇಳುವುದು ಹುದ್ದೆಗೆ ಒಪ್ಪುವುದಿಲ್ಲ. ಇಸ್ಮಾಯಿಲ್‌ಸಾಬರನ್ನು ಕರೆಸಿ, ಮೂಗಿನ ಮೇಲೆ ಕನ್ನಡಕ ಏರಿಸಿದರು.

"ಸಾಬ್ರ, ನಿಮ್ಮ ತಯಾರಿ ನೋಡಬೇಕಾಗೇದ. ಹೇಳ್ರಿ ನೋಡೋಣ, ಪ್ರಥಮ ಸಂವಿಧಾನ ಯಾಕ ಬದಲಾಯಿಸಿದ್ರು?"

"ಅದರಾಗ ತಾಕತ್ತ ಇರಲಿಲ್ರಿ."

"ಯಾರಿಗೆ?"

"ದೊಡ್ಡ ಸರಕಾರಕ್ಕ. ಇಂಗ್ಲಿಷರನ್ನ ಓಡಿಸಿದ ಮ್ಯಾಲೆ ಹದಿಮೂರು ಸಂಸ್ಥಾನ ಕೂಡಿ ಒಂದು ಪಂಚಾಯ್ತಿ ಮಾಡಿಕೊಂಡ್ವು. ಕಾಂಗ್ರೆಸ್ ಅಂತ."

"ಹಾಂ ಹಾಂ, ಕಾಂಗ್ರೆಸ್" ಎಂದು ಅಮರಗುಂಡಪ್ಪನವರು ಪರಿಚಿತರ ಹೆಸರು ಕೇಳಿದಂತೆ ತಲೆಯಾಡಿಸಿದರು. "ಓಟಿಗೆ ನಿಂತಿತ್ತಲ್ಲ, ಅದ."

"ಅದಲ್ರಿ. ಆ ಕಾಂಗ್ರೆಸ್ಸು ತೆರಿಗಿ ಹಾಕಂಗಿಲ್ಲ, ಹುಕುಂ ಮಾಡಂಗಿಲ್ಲ. ಬೇಕಾದ್ದು ಕೇಳಿಕೋಬೇಕು, ಅಷ್ಟ. ಕೊಟ್ರ ಕೊಟ್ರು, ಬಿಟ್ರ ಬಿಟ್ರು. ಸಿಪಾಯಿಗೆ ಪಗಾರಿಲ್ಲ, ಒಂದೊಂದು ಸಂಸ್ಥಾನದ್ದು ಒಂದೊಂದು ರೊಕ್ಕ, ಇವರ ಮಾಲಿಗೆ ಅವರು ಸುಂಕ. ಕಾಯ್ದೆ ತಿದ್ದಬೇಕಂದ್ರ ಹದಿಮೂರೂ ಒಪ್ಪಬೇಕು. ಒಂದು ಹೂಂ ಅಂದ್ರ ಇನ್ನೊಂದು ಊಹೂಂ. ಕಡೀಕ ರೈತರು ಬಂದೂಕ ಹಿಡದ್ರು. ಆಗ ಎಲ್ಲಾ ಒಂದು ಮನ್ಯಾಗ ಕುಂತು, ಕಿಡಕಿ ಮುಚ್ಚಿಕೊಂಡು ಹೊಸಾದು ಬರದ್ರು."

ಅಮರಗುಂಡಪ್ಪನವರಿಗೆ ಇದು ತಮ್ಮ ಬೀಗರ ಮನೆಯ ಪಾಲುಪಟ್ಟಿಯ ಹಾಗೆ ಕೇಳಿಸಿತು. "ವಿಷಯ ಸರಿ ಅದ. ಆದರ ಭಾಷೆ ಸಾಲದು. ಪಂಚಾಯ್ತಿ, ತಾಕತ್ತು ಇಂಥವು ಬ್ಯಾಡ. ಸಾರ್ವಭೌಮತ್ವ ಅನ್ನಿ. ವಿಕೇಂದ್ರೀಕರಣ ಅನ್ನಿ" ಎಂದು ಅರ್ಧ ಹಾಳೆ ಶಬ್ದ ಬರೆದುಕೊಟ್ಟರು.

ಮಾರನೆಯ ದಿನ ಇಸ್ಮಾಯಿಲ್‌ಸಾಬ್ ಆ ಶಬ್ದಗಳನ್ನು ಹಿಡಿದುಕೊಂಡು ಏಳನೇ ತರಗತಿಗೆ ಹೋದರು. ಹುಡುಗರು ಮೊದಲು ತಮ್ಮ ಮಾಸ್ತರರಿಗೆ ಮೈಯಲ್ಲಿ ಹುಷಾರಿಲ್ಲವೆಂದು ತಿಳಿದರು. ದಿನಾ ಸರಸರ ಹರಿಯುವ ಮನುಷ್ಯ ಇವತ್ತು ಒಂದೊಂದು ಶಬ್ದವನ್ನೂ ಬಾಯಿಂದ ಕಲ್ಲು ತೆಗೆದಂತೆ ತೆಗೆದಿಡುತ್ತಿದ್ದರು. ಪಾಠದ ತುಂಬ 'ಸಂವಿಧಾನ ದುರ್ಬಲವಾಗಿತ್ತು', 'ರೈತರು ಬಂದೂಕು ಹಿಡಿದರು', 'ಎಂಟು ವರ್ಷಕ್ಕೆ ಬದಲಾಯಿತು' ಇಷ್ಟು ಮಾತ್ರ ಹುಡುಗರ ತಲೆಗೆ ಹತ್ತಿತು.

ಗುರುಗುಂಟಾದಿಂದ ನಡೆದು ಬರುವ ಗ್ಯಾನಪ್ಪ ಎದ್ದು ನಿಂತ. "ಸರ, ನಮ್ಮದು ಬಂದು ಮೂರು ವರ್ಸ ಆತ್ರಿ. ಬದಲಿ ಆಗಾಕ ಇನ್ನ ಐದು ವರ್ಸ ಅದಾವನ್ರಿ?"

ಗ್ಯಾನಪ್ಪನದು ತಪ್ಪಲ್ಲ. ಬೇರೆ ಊರಿನ ಹುಡುಗನಾದರೆ ಅಮೆರಿಕದ್ದು ಅಮೆರಿಕಕ್ಕೆ ಎಂದು ಸುಮ್ಮನಿರುತ್ತಿದ್ದ. ಈ ಹುಡುಗರು ಒಂದನೇ ತರಗತಿಗೆ ಸೇರಿದಾಗ ಒಂದು ಸರಕಾರ, ಮೂರನೆಯದರಲ್ಲಿ ಇನ್ನೊಂದು, ಆಮೇಲೆ ಮತ್ತೊಂದು. ಸರಕಾರವೆಂದರೆ ಆಗಾಗ ಬದಲಾಗುವ ವಸ್ತುವೆಂದೇ ಅವರ ತಿಳಿವಳಿಕೆ.

ಸಂಜೆಯೊಳಗೆ ಸುದ್ದಿ ಬಜಾರ ಮುಟ್ಟಿತು. ಶಿವಶರಣಪ್ಪನ ಮಗ ಶರಣು ಅದೇ ತರಗತಿಯಲ್ಲಿದ್ದ. ಅಪ್ಪ ಅಂಗಡಿ ಬಿಟ್ಟು ಹೆಡ್‌ಮಾಸ್ತರರ ಮನೆಗೇ ಬಂದ.

"ಅಲ್ರೀ ಗುಂಡಪ್ಪನವರ, ಹೋದ ವರ್ಸನ ಉರ್ದು ಅಳಿಸಿ ಕನ್ನಡ ಬೋರ್ಡ ಬರಸೀನಿ. ಈಗ ಮತ್ತ ಬದಲಿ ಅಂತಲ್ರೀ? ಮುಂದಿಂದು ಯಾ ಭಾಷಾದಾಗ ಬರತೈತಿ, ಮೊದಲಾ ಹೇಳಿಬಿಡ್ರಿ. ಬಣ್ಣದಾವ ಊರಿಗೆ ಹೊಂಟಾನ."

"ಯಾರು ಹೇಳಿದ್ರು ನಿನಗ?"

"ನಿಮ್ಮ ಶಾಲ್ಯಾಗ ಇಸ್ಮಾಯಿಲ್‌ಸಾಬ್ರು ಪಾಠ ಹೇಳ್ಯಾರಂತಲ್ರೀ. ಸರಕಾರದಾಗ ತಾಕತ್ತಿಲ್ಲ, ರೈತರು ಬಂದೂಕ ಹಿಡೀತಾರ ಅಂತ."

ಅಮರಗುಂಡಪ್ಪನವರು ಎದ್ದು ಬೀದಿಬಾಗಿಲು ಮುಚ್ಚಿ ಬಂದರು. ಇಂಥ ಮಾತು ಇಂಥ ಹೆಸರಿನವರ ಬಾಯಿಂದ ಬಂತೆಂದು ತಹಸೀಲಿಗೆ ಮುಟ್ಟಿದರೆ ಏನಾಗುತ್ತದೆಂದು ಆ ಕಾಲದಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. "ಅದು ಅಮೆರಿಕದ್ದೋ ಮಾರಾಯ" ಎಂದರು. ಶಿವಶರಣಪ್ಪ, "ಆಗಲ್ರಿ, ಇಲ್ಲಿಗೆ ಬರೂದು ಯಾವಾಗ?" ಅಂದ.

ಬೆಳಿಗ್ಗೆ ಹೆಡ್‌ಮಾಸ್ತರರು ಶಾಲೆಯ ಬಾಗಿಲಲ್ಲೇ ಇಸ್ಮಾಯಿಲ್‌ಸಾಬರನ್ನು ತಡೆದರು. "ಸಾಬ್ರ, ನಿಮ್ಮ ನೌಕರಿ ಹೋಗೂದು ಹೋಗ್ಲಿ, ನನ್ನದೂ ತಗೊಂಡು ಹೋಗಬ್ಯಾಡ್ರಿ. ಹುಡುಗರಿಗೆ ತಿಳಿಯೂ ಹಂಗ ಹೇಳ್ರಿ, ಇಲ್ಲಂದ್ರ ತಿಳೀದಂಗರೆ ಹೇಳ್ರಿ. ನಡುವ ಬಿಡಬ್ಯಾಡ್ರಿ."

ಇಸ್ಮಾಯಿಲ್‌ಸಾಬ್ ಶಬ್ದದ ಹಾಳೆಯನ್ನು ಅವರ ಕೈಗೆ ವಾಪಸು ಕೊಟ್ಟರು. "ಇದು ನಿಮ್ಮದು. ಇವತ್ತಿಂದ ನಾನು ನನ್ನ ಬಾಯಿಲೆ ಮಾತಾಡ್ತೀನಿ." ಹಾಗಂದವರ ಕಣ್ಣು ವರಾಂಡದ ಮೂಲೆಗೆ ಹೋಯಿತು.

ಅಲ್ಲಿ ಶಾಲೆಯ ದೊಡ್ಡ ಮಣ್ಣಿನ ಹರವಿ ಬೋರಲು ಬಿದ್ದಿತ್ತು. ಮೊದಲು ಅದರಲ್ಲಿ ಕುಡಿಯುವ ನೀರಿರುತ್ತಿತ್ತು. ಯಾರು ತುಂಬಿದ್ದು, ಯಾರ ಲೋಟ ಮೊದಲು ಮುಳುಗಿದ್ದು, ಯಾರು ಮುಟ್ಟಿದ ಮೇಲೆ ಯಾರು ಕುಡಿಯಬಾರದು ಎಂದು ಜಗಳವಾಗಿ, ಹಿಂದಿನ ಹೆಡ್‌ಮಾಸ್ತರರು ಅದನ್ನು ಬೋರಲು ಹಾಕಿಸಿ ಶಾಂತಿ ಸ್ಥಾಪಿಸಿದ್ದರು. ಅವತ್ತಿನಿಂದ ಪ್ರತಿ ಹುಡುಗನೂ ಮನೆಯಿಂದ ತನ್ನ ತಂಬಿಗೆ ತರುತ್ತಿದ್ದ. ಬಸವಣ್ಣನ ಗುಡಿ ಓಣಿಯವರ ತಂಬಿಗೆ ಒಂದು ಸಾಲು, ಮುಸಲ್ಮಾನರ ಹುಡುಗರದು ಇನ್ನೊಂದು ಸಾಲು, ಊರ ಹೊರಗಿನ ಕೇರಿಯಿಂದ ಬರುವ ಬಸ್ಸಪ್ಪನದು ಒಂದೇ, ಬಾಗಿಲಾಚೆ. ಮಧ್ಯಾಹ್ನದೊಳಗೆ ಎಲ್ಲರ ತಂಬಿಗೆಯೂ ಖಾಲಿ. ಅಂಗಳದ ಬಾವಿಯಿಂದ ಸೇದೋಣವೆಂದರೆ, ಹಗ್ಗ ಯಾರು ಮುಟ್ಟಬೇಕೆಂಬ ಅದೇ ಜಗಳ. ಆಮೇಲೆ ಒಣ ಬಾಯಲ್ಲೇ ಲೆಕ್ಕದ ಪಾಠ.

ಇಸ್ಮಾಯಿಲ್‌ಸಾಬ್ ಹರವಿಯನ್ನು ತೊಳೆಸಿ ನೆಟ್ಟಗೆ ನಿಲ್ಲಿಸಿದರು. ತರಗತಿಯಲ್ಲಿ ಹದಿಮೂರು ಹುಡುಗರನ್ನು ಆರಿಸಿ ಒಬ್ಬೊಬ್ಬನಿಗೆ ಒಂದೊಂದು ಸಂಸ್ಥಾನ ಹಂಚಿದರು. ಮೆಸಾಚುಸೆಟ್ಸ್ ಎಂದು ತಡವರಿಸದೆ ಅಂದವನಿಗೆ ಮೆಸಾಚುಸೆಟ್ಸ್. ಶರಣು ಅಂಗಡಿಕಾರನ ಮಗ, ಅವನಿಗೆ ದೊಡ್ಡ ವರ್ಜೀನಿಯಾ. ಗ್ಯಾನಪ್ಪ ಗಿಡ್ಡ, ಅವನಿಗೆ ಎಲ್ಲಕ್ಕಿಂತ ಸಣ್ಣ ರೋಡ್ ಐಲ್ಯಾಂಡ್. ಬಸ್ಸಪ್ಪನಿಗೆ ತುದಿಯ ಜಾರ್ಜಿಯಾ. ಉಳಿದ ನಾಲ್ಕೈದು ಹುಡುಗರು ಪಗಾರಿಲ್ಲದ ಸಿಪಾಯಿಗಳು.

"ಇದು ಎಲ್ಲಾರ ಹರವಿ. ತುಂಬಿರಬೇಕು. ಆದ್ರ ತುಂಬು ಅಂತ ಯಾರಿಗೂ ಯಾರೂ ಹೇಳಂಗಿಲ್ಲ. ಕೇಳಿಕೋಬೌದು. ಈ ಕಾಯ್ದೆ ಬದಲಿಸಬೇಕಂದ್ರ ಹದಿಮೂರೂ ಮಂದಿ ಒಪ್ಪಬೇಕು. ಗೊತ್ತಾತಿಲ್ಲೋ?" ಅಂದು, ಬಾಗಿಲಲ್ಲಿ ಇಣುಕುತ್ತಿದ್ದ ಹೆಡ್‌ಮಾಸ್ತರರ ಕಡೆ ತಿರುಗಿದರು. "ಸಾಹೇಬ್ರ, ಕಾಂಗ್ರೆಸ್ಸಿಗೆ ಅಧ್ಯಕ್ಷರು ಬೇಕಾಗ್ಯಾರ."

ಅಧ್ಯಕ್ಷ ಎಂಬ ಶಬ್ದ ಕೇಳಿದ ಮೇಲೆ ಅಮರಗುಂಡಪ್ಪನವರು ಮುಂದಿನದನ್ನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಆ ಹುದ್ದೆಗೆ ತಾವಲ್ಲದೆ ಇನ್ಯಾರು ಎಂಬಂತೆ ಒಪ್ಪಿದರು. ಮಾರನೆಯ ದಿನ ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಬಂದು, ಹರವಿಯ ಪಕ್ಕದಲ್ಲಿ ನಿಂತು, "ಎಲ್ಲಾರೂ ಒಂದೊಂದು ತಂಬಿಗಿ ನೀರು ಹಾಕ್ರಿ" ಅಂದರು.

ಯಾರೂ ಅಲ್ಲಾಡಲಿಲ್ಲ.

"ಸರ, ನೀವು ಹುಕುಂ ಮಾಡಂಗಿಲ್ರಿ" ಅಂದ ಶರಣು, ಕೈಕಟ್ಟಿ, ಬಹಳ ವಿನಯದಿಂದ.

ಅಮರಗುಂಡಪ್ಪನವರು ಇಸ್ಮಾಯಿಲ್‌ಸಾಬರನ್ನು ನೋಡಿದರು. ಇಸ್ಮಾಯಿಲ್‌ಸಾಬ್ ಕಿಟಕಿಯಾಚೆ ನೋಡಿದರು.

"ಹಂಗಾರ... ಹಾಕ್ತೀರೇನಪಾ?"

"ವಿಚಾರ ಮಾಡ್ತೀವ್ರಿ."

ಹುಡುಗರಿಗೆ ಹೆಡ್‌ಮಾಸ್ತರರಿಗೆ 'ಇಲ್ಲ' ಅನ್ನುವ ಅವಕಾಶ ಸಿಕ್ಕಿದ್ದು ಹುಟ್ಟಿದಾಗಿನಿಂದ ಇದೇ ಮೊದಲು. ಅವರು ಅದನ್ನು ಹಬ್ಬದ ಊಟದ ಹಾಗೆ ನಿಧಾನವಾಗಿ ಸವಿದರು. ವರ್ಜೀನಿಯಾ ತಾನು ದೊಡ್ಡದೆಂದು ಕೊಡಲಿಲ್ಲ, ರೋಡ್ ಐಲ್ಯಾಂಡ್ ತಾನು ಸಣ್ಣದೆಂದು ಕೊಡಲಿಲ್ಲ. ಮೆಸಾಚುಸೆಟ್ಸ್ ಒಂದು ದಿನ ಅರ್ಧ ತಂಬಿಗೆ ಹಾಕಿ, ಉಳಿದವರು ಹಾಕಲಿಲ್ಲವೆಂದು ಸಿಟ್ಟಾಗಿ ಸಂಜೆ ಅದನ್ನು ಬಳಿದುಕೊಂಡು ಕುಡಿಯಿತು. ಸಿಪಾಯಿಗಳು ನೀರಿಲ್ಲವೆಂದು ಅಧ್ಯಕ್ಷರ ಕೋಣೆಯ ಮುಂದೆ ಗದ್ದಲ ಹಾಕಿದರು. ಅಮರಗುಂಡಪ್ಪನವರು ಬೆತ್ತ ಹುಡುಕಿದರೆ, "ಕಾಂಗ್ರೆಸ್ಸಿಗೆ ಬೆತ್ತ ಇಲ್ರಿ" ಎಂದು ಆ ಸಿಪಾಯಿಗಳೇ ಹೇಳಿ ಹೋದರು. ಹೆಡ್‌ಮಾಸ್ತರರು ಬೇಸತ್ತು, 'ಅಧ್ಯಕ್ಷರ ಮಾತು ಎಲ್ಲಾರೂ ಕೇಳತಕ್ಕದ್ದು' ಎಂದು ಹೊಸ ಕಾಯ್ದೆ ತಂದರು. ಹನ್ನೆರಡು ಸಂಸ್ಥಾನ ಗೋಗರೆದು ಒಪ್ಪಿಸಿದ್ದಾಯಿತು. ರೋಡ್ ಐಲ್ಯಾಂಡ್ ಅವತ್ತು ಅಕ್ಕನ ಮದುವೆಗೆಂದು ಶಾಲೆಗೇ ಬಂದಿರಲಿಲ್ಲ.

ಆ ವಾರ ಅಮರಗುಂಡಪ್ಪನವರು ಮನೆಯಲ್ಲಿ ಹೆಂಡತಿ ವೀರಭದ್ರಮ್ಮನನ್ನೂ "ಒಂದು ಲೋಟ ನೀರು ಕೊಡ್ತೀಯೇನು, ನಿನಗ ಅನುಕೂಲ ಇದ್ರ" ಎಂದು ಕೇಳಿದರು. ಆಕೆ ಹೆದರಿ ಹಣೆ ಮುಟ್ಟಿ ನೋಡಿದಳು.

ಅವರಿಗೆ ತಿಳಿಯದ್ದು ಒಂದೇ. ಇದು ಅಮೆರಿಕದ ಪಾಠವೋ, ತಮಗೆ ಕಲಿಸುತ್ತಿರುವ ಪಾಠವೋ, ಅಥವಾ ಇಸ್ಮಾಯಿಲ್‌ಸಾಬ್ ನೌಕರಿ ಹೋಗುವುದೇ ನಿಜವೆಂದು ತಿಳಿದು ಹೋಗುವ ಮುಂಚೆ ಒಂದು ಆಟ ಆಡಿಬಿಡುತ್ತಿದ್ದಾರೋ. ಕೇಳಿದರೆ, "ಹರವಿ ತುಂಬಲಿ, ಹೇಳ್ತೀನಿ" ಅನ್ನುತ್ತಿದ್ದರು.

ಹರವಿ ತುಂಬಲಿಲ್ಲ. ಅಷ್ಟರಲ್ಲಿ, ಸೋಮವಾರ ಬರುತ್ತೇನೆಂದಿದ್ದ ಇನ್ಸ್‌ಪೆಕ್ಟರ್ ಕರಿಬಸಯ್ಯನವರು ಶನಿವಾರವೇ ಬಂದುಬಿಟ್ಟರು.

ಸಿಂಧನೂರಿನಿಂದ ಬಸ್ಸು. ತುರ್ವಿಹಾಳದ ಕಡೆ ಕಾಲುವೆ ಅಗೆದ ಮಣ್ಣೆಲ್ಲ ರಸ್ತೆಗೆ ಬಂದು ಸಾಹೇಬರ ಬಿಳೀ ಅಂಗಿ, ವಿಭೂತಿ, ಮೀಸೆ ಎಲ್ಲ ಒಂದೇ ಬಣ್ಣವಾಗಿತ್ತು. ದಾರಿಯಲ್ಲಿ ಕಂಡವರ ಕೈಯ ನೀರು ಕುಡಿಯುವವರಲ್ಲ. ಮಟಮಟ ಮಧ್ಯಾಹ್ನ ಏಳನೇ ತರಗತಿಗೆ ಬಂದು ಕುರ್ಚಿಯಲ್ಲಿ ಕುಸಿದು, "ಮೊದಲ ನೀರು" ಅಂದರು.

"ಯಾರಲೇ, ನೀರು ತರ್ರಿ!" ಅಂದರು ಅಮರಗುಂಡಪ್ಪನವರು.

ಗ್ಯಾನಪ್ಪ ಎದ್ದು ನಿಂತ. "ಸರ, ಅದು ಹುಕುಂ ಆತ್ರಿ."

"ಏನಂತಾನ ಇವ?" ಅಂದರು ಕರಿಬಸಯ್ಯನವರು.

"ಇವ ರೋಡ್ ಐಲ್ಯಾಂಡ್ರಿ, ಸಾಹೇಬ್ರ" ಎಂದು ಅಮರಗುಂಡಪ್ಪನವರ ಬಾಯಿಂದ ಬಂದುಬಿಟ್ಟಿತು.

"ಯಾ ಊರಾವ?"

"ಗುರುಗುಂಟಾರಿ."

ಸಾಹೇಬರು ಹುಡುಗನನ್ನು ನೋಡಿದರು, ಹೆಡ್‌ಮಾಸ್ತರರನ್ನು ನೋಡಿದರು. ಶರಣು ಸಹಾಯಕ್ಕೆ ಬಂದ. "ವರ್ಜೀನಿಯಾದ್ದು ಮುಗದೈತ್ರಿ ಸಾಹೇಬ್ರ. ಹನ್ನೊಂದಕ್ಕ ಕುಡದ್ವಿ."

"ಇದು ಶಾಲಿಯೋ, ಏನು ಹುಚ್ಚರ ಸಂತಿಯೋ? ಹರವಿ ಐತಿ, ನೀರಿಲ್ಲ! ಎಲ್ಲಿ ಆ ಇಸ್ಮಾಯಿಲ್‌ಸಾಬ್?"

ಇಸ್ಮಾಯಿಲ್‌ಸಾಬ್ ಆರನೇ ತರಗತಿಯಿಂದ ಸೀಮೆಸುಣ್ಣದ ಕೈ ಒರೆಸಿಕೊಳ್ಳುತ್ತ ಬಂದರು. ಅಮರಗುಂಡಪ್ಪನವರು ಅವರ ಕಿವಿಯಲ್ಲಿ, "ಸಾಬ್ರ, ನಿಮ್ಮ ಕಾಲಿಗೆ ಬೀಳ್ತೀನಿ, ಅಮೆರಿಕ ಬಂದ್ ಮಾಡ್ರಿ" ಅಂದರು.

"ನನ್ನ ಕೈಯಾಗಿಲ್ರಿ ಅದು. ಅವರ ಕೈಯಾಗೈತಿ." ಟೋಪಿ ಸರಿಮಾಡಿಕೊಂಡು ಹುಡುಗರ ಮುಂದೆ ನಿಂತರು. "ಸಾಹೇಬ್ರಿಗೆ ನೀರಡಿಕ್ಯಾಗೈತಿ. ಎಲ್ಲಾರ ಹಂತ್ಯಾಕ ತಂಬಿಗಿ ಐತಿ, ಶಾಲೀ ಹಂತ್ಯಾಕ ಹನಿ ನೀರಿಲ್ಲ. ಯಾಕ? ಹೇಳ್ರಿ."

"ಶರಣು ಕೊಡಲಿಲ್ರಿ!"

"ಅವ ಕೊಟ್ರ ನಾನೂ ಕೊಡ್ತಿದ್ದೆ."

"ಕೊಡು ಅಂತ ಹೇಳಾಕ ಯಾರಿಗೂ ಹಕ್ಕಿಲ್ರಿ. ಅಧ್ಯಕ್ಷರು ಬೇಡಿಕೋತಾರ, ಅಷ್ಟ."

"ತಿದ್ದಾಕ ಹೋದ್ರ ಗ್ಯಾನ್ಯಾ ಮದುವಿಗೆ ಹೋಗ್ಯಾನ್ರಿ."

"ಹಂಗಾರ ಈ ಕಾಯ್ದೆ ಇಟಗೋಬೇಕೋ, ಬಿಡಬೇಕೋ?"

"ಬಿಡಬೇಕ್ರಿ!" ಅಂದಿತು ಇಡೀ ತರಗತಿ. ಪಗಾರಿಲ್ಲದ ಸಿಪಾಯಿಗಳು ಎಲ್ಲರಿಗಿಂತ ಗಟ್ಟಿಯಾಗಿ ಅಂದರು.

"ಹೊಸಾದು ನೀವ ಮಾಡ್ರಿ. ಈ ಸಲ ಒಂಬತ್ತು ಕೈ ಎದ್ರ ಸಾಕು."

ಪಾಳಿಯ ಪ್ರಕಾರ ಎಲ್ಲರೂ ತುಂಬಬೇಕು, ತುಂಬದವನಿಗೆ ದಂಡ ಎಂದು ಶರಣು ಅಂದ, ಹೌದೆಂದು ಗದ್ದಲ. ಕರಿಬಸಯ್ಯನವರು ಒಣ ತುಟಿ ನೆಕ್ಕಿಕೊಳ್ಳುತ್ತ ಏನೋ ಹೇಳಹೋದರು, ಧ್ವನಿ ಬರಲಿಲ್ಲ. ಆಗ ಬಾಗಿಲ ಹತ್ತಿರ ಕೂತಿದ್ದ ಬಸ್ಸಪ್ಪ ಎದ್ದ.

"ನನ್ನ ಪಾಳಿನೂ ಐತೇನ್ರಿ?"

"ಹದಿಮೂರರಾಗ ನೀನೂ ಒಬ್ಬ."

"ನಾ ತುಂಬಿದ್ದು ಎಲ್ಲಾರೂ ಕುಡೀತಾರೇನ್ರಿ? ಕುಡಿಯಂಗಿಲ್ಲಂದ್ರ ನಾ ಯಾಕ ತುಂಬಲಿ?"

ಅಮರಗುಂಡಪ್ಪನವರು ಕಣ್ಣು ಮುಚ್ಚಿಕೊಂಡರು. ಹರವಿಯನ್ನು ಬೋರಲು ಹಾಕಿಸಿದ ಹಿಂದಿನ ಹೆಡ್‌ಮಾಸ್ತರರು ಎಂಥ ಜಾಣರೆಂದು ಆ ಕ್ಷಣ ಅವರಿಗನ್ನಿಸಿತು.

"ಪ್ರಶ್ನೆ ಕೇಳ್ಯಾನ. ಉತ್ತರ ಕೊಡ್ರಿ" ಅಂದರು ಇಸ್ಮಾಯಿಲ್‌ಸಾಬ್. "ಯಾರು ತುಂಬಿದ್ರೂ ಎಲ್ಲಾರೂ ಕುಡೀಬೇಕು. ಒಪ್ಪಿದಾವರು ಕೈ ಎತ್ತರಿ."

ಮೊದಲು ಬಸ್ಸಪ್ಪನದು. ಆಮೇಲೆ ಗ್ಯಾನಪ್ಪನದು. ಅಕ್ಕಪಕ್ಕದವರನ್ನು ನೋಡಿ ನೋಡಿ ಇನ್ನೊಂದು, ಮತ್ತೊಂದು. ಶರಣುವಿನ ಕೈ ಅರ್ಧಕ್ಕೆ ಬಂದು, ಅಪ್ಪನ ನೆನಪಾಗಿ ಕೆಳಗಿಳಿಯಿತು. ಎಂಟಕ್ಕೆ ನಿಂತಿತು. 'ಯಾರರೆ ತರ್ರಿ, ಬೇಗ ತರ್ರಿ' ಅನ್ನಲು ಧ್ವನಿಯಿಲ್ಲದೆ, ಕರಿಬಸಯ್ಯನವರು ಕೈಯೆತ್ತಿ ಬಾವಿಯ ಕಡೆ ತೋರಿಸಿದರು.

"ಒಂಬತ್ತು" ಅಂದರು ಇಸ್ಮಾಯಿಲ್‌ಸಾಬ್. "ಪಾಸಾತು."

"ಸಾಹೇಬ್ರು ಯಾ ಸಂಸ್ಥಾನದಾವರ್ರಿ?" ಎಂದು ಶರಣು ತಕರಾರು ತೆಗೆದ.

"ನೀರಡಿಸಿದಾವರ ಸಂಸ್ಥಾನ. ಕುಂದರು."

ಬಸ್ಸಪ್ಪ ಆಗಲೇ ಓಡಿದ್ದ. ಹಗ್ಗ ಹಿಡಿಯಲು ಗ್ಯಾನಪ್ಪ ಹಿಂದೆ ಓಡಿದ. ಕೊಡ ಬಂತು, ಹರವಿಗೆ ಬಿತ್ತು, ಲೋಟ ಮುಳುಗಿತು. ಕರಿಬಸಯ್ಯನವರು ಒಂದೇ ಗುಟುಕಿಗೆ ಕುಡಿದರು. ಕುಡಿದ ಮೇಲೆ ಖಾಲಿ ಲೋಟ ನೋಡಿದರು. ಬಾಗಿಲಲ್ಲಿ ಮೊಣಕಾಲಿನವರೆಗೆ ತೊಯ್ದು ನಿಂತಿದ್ದ ಬಸ್ಸಪ್ಪನನ್ನು ನೋಡಿದರು. ತಮ್ಮ ಕೈ ಹೇಗೆ ಮೇಲೆದ್ದಿತು ಎಂದು ಲೆಕ್ಕ ಹಾಕುತ್ತಿರುವವರ ಹಾಗೆ ಬಲಗೈಯನ್ನು ತಿರುಗಿಸಿ ನೋಡಿಕೊಂಡರು.

"ಇನ್ನೊಂದು ಲೋಟ" ಅಂದರು ಸಾಹೇಬರು.

ಆಮೇಲೆ ಕಾಗದ ತೆಗೆದರು. "ಹೆಡ್‌ಮಾಸ್ತರ್ರ, ನಾ ಏನಂತ ಬರೀಲಿ? ಪಾಠ ಆತಂತೀರೋ? ಈ ಮನಷಾ ಆಡಿದ್ದು ನಾಕು ಮಾತು. ಸಾರ್ವಭೌಮತ್ವ ಬರಲಿಲ್ಲ, ಒಕ್ಕೂಟ ಬರಲಿಲ್ಲ. ಇವರಿಗೆ ಕನ್ನಡದಾಗ ಕಲಸಾಕ ಬರತೈತಿ ಅಂತ ನೀವು ಹೇಳ್ತೀರೇನು?"

ಇಸ್ಮಾಯಿಲ್‌ಸಾಬ್ ಗೋಡೆಗೆ ಒರಗಿ ನಿಂತಿದ್ದರು. ಮುಖದಲ್ಲಿ ಏನೂ ಕಾಣಲಿಲ್ಲ. ಕೈಯಲ್ಲಿದ್ದ ಸೀಮೆಸುಣ್ಣದ ತುಂಡು ಮಾತ್ರ ಪುಡಿಯಾಗಿ ಶೇರವಾನಿಯ ಮೇಲೆ ಉದುರುತ್ತಿತ್ತು. ಅಮರಗುಂಡಪ್ಪನವರಿಗೆ ಬಜಾರದ ಸಲಾಮು ನೆನಪಾಗಲಿಲ್ಲವೆಂದರೆ ಸುಳ್ಳಾಗುತ್ತದೆ. ಒಂದು 'ಇಲ್ಲ' ಅಂದರೆ ಮುಗಿಯಿತು. ಅವರ ಮಾತಿಗೆ ತಾಕತ್ತು ಬಂದದ್ದು ಆ ವಾರದಲ್ಲಿ ಅದೊಂದೇ ಸಲ. ಬಾಯಿ ತೆರೆದಾಗ ಬೇರೆಯದೇ ಬಂತು.

"ಸಾಹೇಬ್ರ, ಎಂಟು ದಿನದಿಂದ ನಾ ಈ ಹುಡುಗರ ಮುಂದ ಕನ್ನಡದಾಗ ಭಿಕ್ಷಾ ಬೇಡಾಕತ್ತೀನ್ರಿ. ಒಬ್ಬರೂ ಕೊಡಲಿಲ್ಲ. ಇವರು ಬಂದು ನಾಕು ಮಾತಾಡಿದ್ರು, ಹರವಿ ತುಂಬ್ತು. ಅವು ನಾಕೂ ಕನ್ನಡದವ ಇದ್ವು ಅಂತ ನನಗ ಖಾತ್ರಿ ಅದ."

ಕರಿಬಸಯ್ಯನವರು ಬರೆದರು: 'ಕನ್ನಡದಲ್ಲಿ ಬೋಧಿಸಬಲ್ಲರು. ಮುಂದುವರಿಸತಕ್ಕದ್ದು. ಶಾಲೆಯ ನೀರಿನ ವ್ಯವಸ್ಥೆ ಗೊಂದಲಮಯವಾಗಿದೆ.' ಸಹಿ ಹಾಕಿ, ಬೇರೆ ಏನೂ ಮಾತಾಡದೆ ಸಂಜೆಯ ಬಸ್ಸಿಗೆ ಹೋದರು.

ಮುಂದಿನ ವಾರ ಮೂವರು ತಂದೆಯಂದಿರು ಬಂದು ಜಗಳವಾಡಿದರು. ಇಬ್ಬರು ಹುಡುಗರು ಬೇಸಿಗೆಯ ತನಕ ಮನೆಯ ತಂಬಿಗೆಯನ್ನೇ ತಂದರು. ಶರಣು ಅಪ್ಪನಿಗಾಗಿ ತಂಬಿಗೆ ತರುತ್ತಿದ್ದ, ನೀರಡಿಸಿದಾಗ ಹರವಿಯಲ್ಲಿ ಕುಡಿಯುತ್ತಿದ್ದ. ಹರವಿ ಮಾತ್ರ ಮತ್ತೆ ಬೋರಲು ಬೀಳಲಿಲ್ಲ. ಇಸ್ಮಾಯಿಲ್‌ಸಾಬ್ ಅಲ್ಲೇ ಉಳಿದು, ಐವತ್ತಾರರಲ್ಲಿ ಮತ್ತೊಂದು ರಾಜ್ಯ ಬಂದಾಗ ಅದನ್ನೂ ಅದೇ ಬಾಯಿಂದ ಪಾಠ ಹೇಳಿದರು.

ಇದಕ್ಕೆಲ್ಲ ಮೊದಲು, ಸಾಹೇಬರ ಬಸ್ಸು ಹೋದ ಸಂಜೆಯೇ, ಅಮರಗುಂಡಪ್ಪನವರು ಇಸ್ಮಾಯಿಲ್‌ಸಾಬರ ಜೊತೆ ಶಾಲೆಯ ಬಾಗಿಲಿಗೆ ಬಂದು ನಿಂತರು. ಎದುರಿನ ಮನುಷ್ಯನ ಅನ್ನ ಉಳಿಸಿದ ದಿನ; ಧನ್ಯವಾದವೋ ಇನ್ನೇನೋ ಒಂದು ಬರಬಹುದೆಂದು ಕಾದರು. ಬರಲಿಲ್ಲ. ಕೋಟಿನ ಗುಂಡಿ ಹಾಕಿದರು, ಬಿಚ್ಚಿದರು. ಕೊನೆಗೆ ಮಧ್ಯಾಹ್ನದಿಂದ ತಲೆಯಲ್ಲಿದ್ದುದನ್ನು ಕೇಳಿಯೇ ಬಿಟ್ಟರು.

"ಅಲ್ರೀ ಸಾಬ್ರ, ಈಗ ಹೊಸ ಕಾಯ್ದೆ ಬಂತಲ್ಲ. ಅದರಾಗ ನಾ ಇನ್ನೂ ಅಧ್ಯಕ್ಷನ ಅದೀನೋ ಹೆಂಗ?"

"ಈ ಸಲ ಓಟು ಹಾಕಸಬೇಕಾಗತೈತ್ರಿ" ಅಂದರು ಇಸ್ಮಾಯಿಲ್‌ಸಾಬ್. "ನಿಮಗ ಬೀಳಂಗಿಲ್ಲ."